ನಳಿಗೆಯೊಳಗಿನ ತಿರುಪು

ಬಂದೂಕಿನ ವಿಷಯ ಹೆಂಗಸರಿಗೆ ಯಾತಕ್ಕೆ ಎಂದು ಕೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೇಟೆಯ ಕತೆ ಹೇಳುವವರು ಗಂಡಸರು, ತಲೆದೂಗಿ ಕೇಳುವವರೂ ಅವರೇ. ಗೋಡೆಗೆ ನೇತುಹಾಕಿದ ಕೊಂಬಿನ ದೂಳು ಒರೆಸುವ ಕೆಲಸ ಮಾತ್ರ ನಮ್ಮ ಪಾಲಿನದು. ಆದರೆ ಜಿಮ್ ಕಾರ್ಬೆಟ್ಟನ ಪುಸ್ತಕಗಳನ್ನು ಒಮ್ಮೆ ಮನಸ್ಸಿಟ್ಟು ಓದಿ ನೋಡಿ. ಕುಮಾವೂನ್ ಬೆಟ್ಟಗಳಲ್ಲಿ ನರಭಕ್ಷಕ ಹುಲಿಗಳಿಗೆ ತುತ್ತಾದವರಲ್ಲಿ ಹುಲ್ಲು ಕೊಯ್ಯಲು ಹೋದವರು, ಪುಳ್ಳೆ ಸೌದೆ ಆರಿಸಲು ಹೋದವರು, ದನಗಳಿಗೆ ಸೊಪ್ಪು ತರಲು ಮರ ಹತ್ತಿದವರು ಮತ್ತೆ ಮತ್ತೆ ಸಿಗುತ್ತಾರೆ. ಅವರಲ್ಲಿ ಬಹಳ ಮಂದಿ ನಮ್ಮಂಥ ಹೆಂಗಸರೇ. ಎಲ್ಲೋ ಯಾರೋ ಹಾರಿಸಿದ, ಕೊಲ್ಲದೆ ಬರಿಯ ಗಾಯ ಮಾಡಿ ಬಿಟ್ಟ ಒಂದು ಗುಂಡಿನ ಸಾಲವನ್ನು ಎಷ್ಟೋ ವೇಳೆ ತೀರಿಸಿದವರು ಅವರು. ಹಾಗಿರುವಾಗ ಗುಂಡು ನೆಟ್ಟಗೆ ಹೋಗುವುದು ಹೇಗೆ, ಯಾವ ನಳಿಗೆಗೆ ಯಾವ ಗುಂಡು ಹೊಂದುತ್ತದೆ ಎಂಬುದು ನಮಗೆ ಸಂಬಂಧಿಸದ ವಿಷಯ ಹೇಗಾದೀತು?

ನನ್ನನ್ನು ಈ ಚರಿತ್ರೆಯ ಬೆನ್ನುಹತ್ತುವಂತೆ ಮಾಡಿದ್ದು ಒಂದು ಅಂಕಿ. ತೇಜಸ್ವಿಯವರು ಕನ್ನಡಕ್ಕೆ ತಂದ ರುದ್ರಪ್ರಯಾಗದ ಚಿರತೆಯ ಕತೆ ಓದಿ ಮುಗಿಸಿದ ಮೇಲೆ ಕಾರ್ಬೆಟ್ಟನ ಬೇರೆ ಪುಸ್ತಕಗಳನ್ನೂ ತಂದು ಓದತೊಡಗಿದೆ. ಅವನ ಬಂದೂಕಿನ ಮಾತು ಬಂದಾಗಲೆಲ್ಲ ‘ಪಾಯಿಂಟ್ ಎರಡು ಏಳು ಐದು’ ಎಂಬ ಅಂಕಿಯೂ ಬರುತ್ತಿತ್ತು. ಏನಿದು ಎಂದು ನಮ್ಮ ಮನೆಯವರನ್ನು ಕೇಳಿದರೆ, “ಅದು ಬಂದೂಕಿನ ನಂಬರು ಕಣೇ” ಎಂದು ಹೇಳಿ ಮತ್ತೆ ಪೇಪರಿನೊಳಗೆ ಮುಖ ಹುದುಗಿಸಿದರು. ಯಾತರ ನಂಬರು ಎಂಬುದು ಅವರಿಗೂ ತಿಳಿದಿರಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನು ಓದುತ್ತ ಹೋದೆ. ಓದಿದಂತೆಲ್ಲ, ಇದು ನಮ್ಮ ಅಡಿಗೆಮನೆಯ ಸಾಮಾನುಗಳಿಂದಲೇ ವಿವರಿಸಬಹುದಾದ ವಿಷಯ ಎನ್ನಿಸಿತು.

ಮಲೆನಾಡಿನ ಹಳೆಯ ಮನೆಗಳಲ್ಲಿ ಇರುತ್ತಿದ್ದುದು ಹೆಚ್ಚಾಗಿ ಕೇಪಿನ ಕೋವಿ. ಅದರ ನಳಿಗೆ ಒಳಗೆ ನೀರಿನ ಪೈಪಿನಂತೆ ನುಣುಪು. ಮದ್ದು ತುಂಬಿ, ಚರೆಯನ್ನೋ ಉರುಟು ಗುಂಡನ್ನೋ ಹಾಕಿ ಹಾರಿಸುತ್ತಿದ್ದರು. ಹತ್ತಿರದ ಗುರಿಗೆ ಅದು ಸಾಕು. ರೈಫಲ್ಲಿನ ನಳಿಗೆ ಹಾಗಲ್ಲ. ಅದರ ಒಳಮೈಯಲ್ಲಿ ತಿರುಪು ಮೊಳೆಯ ಸುತ್ತಿನಂತೆ ಉದ್ದಕ್ಕೂ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ರೈಫಲ್ ಎಂಬ ಹೆಸರು ಬಂದದ್ದೇ ಈ ಗೀರುಗಳಿಂದ. ಚಕ್ಕುಲಿ ಒರಳಿನ ಬಿಲ್ಲೆಯಿಂದ ಹೊರಬರುವ ಹಿಟ್ಟು ಹೇಗೆ ಮೈಮೇಲೆ ಗೀರು ಮೂಡಿಸಿಕೊಂಡು ಬರುತ್ತದೆಯೋ, ಹಾಗೆ ಗುಂಡು ಈ ನಳಿಗೆಯೊಳಗೆ ಬಿಗಿಯಾಗಿ ಹಿಂಡಿಕೊಂಡು ಮುಂದೆ ಹೋಗುತ್ತದೆ. ಗೀರು ತಿರುಚಿರುವುದರಿಂದ ಗುಂಡೂ ತಿರುಗುತ್ತ ಹೊರಗೆ ಹಾರುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ನಿಂತ ಬುಗುರಿ ಬೀಳುತ್ತದೆ. ಗುಂಡಿನ ವಿಷಯವೂ ಅಷ್ಟೇ.

ಯುರೋಪಿನ ಕಮ್ಮಾರರು ಇದನ್ನು ಕೈಯ ಅನುಭವದಿಂದ ಹದಿನಾರನೆಯ ಶತಮಾನದ ವೇಳೆಗೇ ಕಂಡುಕೊಂಡಿದ್ದರು. ಹೀಗೇಕೆ ಆಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಅವನು ತೋಪಿನ ಶಾಸ್ತ್ರದ ಬಗೆಗೆ ಪುಸ್ತಕ ಬರೆದ. 1747ರಲ್ಲಿ ಗೀರು ನಳಿಗೆಗಳ ಹಿರಿಮೆಯನ್ನು ವಿವರಿಸುವ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಈ ನಳಿಗೆಯನ್ನು ಮೊದಲು ಚೆನ್ನಾಗಿ ಅರಿತು ಬಳಸುವ ರಾಷ್ಟ್ರ ಯುದ್ಧದಲ್ಲಿ ಉಳಿದವರನ್ನು ಮೀರಿಸುತ್ತದೆ ಎಂಬುದು ಅವನ ಅಭಿಪ್ರಾಯ. ವಿಚಿತ್ರವೆಂದರೆ ಈ ಮನುಷ್ಯ ಕೊನೆಯುಸಿರೆಳೆದದ್ದು ನಮ್ಮ ನೆರೆಯಲ್ಲೇ. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಭದ್ರಪಡಿಸುವ ಎಂಜಿನಿಯರನಾಗಿ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಗೀರು ಇದ್ದರೆ ಸಾಕೆ? ಎಷ್ಟು ಬಿಗಿಯಾಗಿ ಸುತ್ತಿರಬೇಕು? ಇಡೀ ಕತೆಯ ಗಂಟು ಇರುವುದು ಇಲ್ಲಿ. ಹತ್ತು ಅಂಗುಲ ಮುಂದೆ ಹೋಗುವಷ್ಟರಲ್ಲಿ ಗುಂಡು ಒಂದು ಪೂರ್ತಿ ಸುತ್ತು ತಿರುಗಿದರೆ ಆ ನಳಿಗೆಯನ್ನು ‘ಹತ್ತಕ್ಕೆ ಒಂದು’ ಎನ್ನುತ್ತಾರೆ. ಅಂಗುಲ ಕಡಿಮೆಯಾದಷ್ಟೂ ತಿರುಪು ಬಿಗಿ, ಹೆಚ್ಚಾದಷ್ಟೂ ಸಡಿಲ.

1853ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಎನ್‌ಫೀಲ್ಡ್ ರೈಫಲ್ಲಿನ ತಿರುಪು ಎಪ್ಪತ್ತೆಂಟು ಅಂಗುಲಕ್ಕೆ ಒಂದು, ಬಹಳ ಸಡಿಲ. ಈ ಬಂದೂಕಿನ ಹೆಸರು ನಮಗೆ ಶಾಲೆಯ ಪಾಠದಿಂದಲೇ ಪರಿಚಿತ. ಅದರ ಗುಂಡನ್ನು ನಳಿಗೆಯ ಬಾಯಿಂದ ಕೆಳಕ್ಕೆ ತಳ್ಳಬೇಕಾಗಿತ್ತು. ಗೀರುಗಳಲ್ಲಿ ಮದ್ದಿನ ಮಸಿ ಕಟ್ಟಿಕೊಂಡರೆ ಗುಂಡು ಇಳಿಯುವುದಿಲ್ಲ, ಆದ್ದರಿಂದ ತೋಟಾಕ್ಕೆ ಜಿಡ್ಡು ಸವರುತ್ತಿದ್ದರು. ಆ ತೋಟಾದ ಕಾಗದವನ್ನು ಹಲ್ಲಿನಿಂದ ಹರಿಯುವುದು ಸಿಪಾಯಿಗಳ ರೂಢಿ. ಜಿಡ್ಡು ದನದ್ದು, ಹಂದಿಯದು ಎಂಬ ಮಾತು ದಂಡಿನಲ್ಲಿ ಹಬ್ಬಿದ್ದರಿಂದ 1857ರಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಆ ದಂಗೆಯ ಬೆನ್ನಿಗೇ ಸರಕಾರ ಜನರಿಂದ ಆಯುಧ ಕಸಿಯುವ ಕಾನೂನು ತಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಎದ್ದು ನಿಂತು ಅದೇ ವರ್ಷದ ನವೆಂಬರಿನಲ್ಲಿ ಪ್ರಾಣ ಕೊಟ್ಟ ಸಂಗತಿಯನ್ನು ನಮ್ಮ ಲಾವಣಿಗಳು ಮರೆಯಲು ಬಿಟ್ಟಿಲ್ಲ. ನಳಿಗೆಯೊಳಗಿನ ಗೀರು ಇಷ್ಟು ದೂರದವರೆಗೆ ಚಾಚಿಕೊಂಡಿತು.

ಮತ್ತೆ ತಿರುಪಿನ ವಿಷಯಕ್ಕೆ ಬರೋಣ. ಎನ್‌ಫೀಲ್ಡನ್ನು ಸುಧಾರಿಸಿ ಕೊಡಿ ಎಂದು ಸರಕಾರ ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಎಂಬಾತನನ್ನು ಕೇಳಿಕೊಂಡಿತು. ಅವನು ಬಂದೂಕು ಮಾಡುವವನಲ್ಲ, ಯಂತ್ರ ಮಾಡುವವನು. ನಟ್ಟು ಬೋಲ್ಟುಗಳ ತಿರುಪಿಗೆ 1841ರಲ್ಲಿ ಮೊದಲ ಬಾರಿಗೆ ಒಂದು ನಿಗದಿ ಅಳತೆ ಸೂಚಿಸಿದವನು. ತಿರುಪಿನ ಬಗೆಗೆ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ಮಾಡಿದ ಕೆಲಸ ನೋಡಿ. ಗುಂಡಿನ ತೂಕವನ್ನು ಎನ್‌ಫೀಲ್ಡಿನಷ್ಟೇ, ಅಂದರೆ ಸುಮಾರು 34 ಗ್ರಾಂ ಇಟ್ಟುಕೊಂಡ. ಆದರೆ ಅದನ್ನು ತೆಳ್ಳಗೆ ಮಾಡಿ ಉದ್ದ ಎಳೆದ. ನಳಿಗೆಯ ತಿರುಪನ್ನು ಇಪ್ಪತ್ತು ಅಂಗುಲಕ್ಕೆ ಒಂದರಂತೆ ಬಿಗಿಗೊಳಿಸಿದ. 1857ರ ಪರೀಕ್ಷೆಯಲ್ಲಿ ವಿಟ್‌ವರ್ತನ ಬಂದೂಕು ಎನ್‌ಫೀಲ್ಡನ್ನು ಬಹುದೂರ ಹಿಂದೆ ಹಾಕಿತು. ತೂಕ ಒಂದೇ ಇದ್ದರೂ ಉದ್ದ ಹೆಚ್ಚಿದರೆ ತಿರುಪೂ ಬಿಗಿಯಾಗಬೇಕು ಎಂಬುದು ಇದರಿಂದ ಎದ್ದು ಕಂಡಿತು. ಗಿಡ್ಡ ಬುಗುರಿ ಮೆಲ್ಲಗೆ ತಿರುಗಿದರೂ ನಿಂತೀತು. ಉದ್ದ ಕಡ್ಡಿಯನ್ನು ತುದಿಯ ಮೇಲೆ ನಿಲ್ಲಿಸಬೇಕಾದರೆ ಬಿರುಸಾಗಿ ತಿರುಗಿಸಬೇಕು.

ಇದೇ ವಿಟ್‌ವರ್ತ್ ಬಂದೂಕಿನಿಂದ ಒಬ್ಬ ಹೆಂಗಸು ಹಾರಿಸಿದ ಗುಂಡು ಚರಿತ್ರೆಯಲ್ಲಿ ದಾಖಲಾಗಿದೆ. 1860ರ ಜುಲೈ 2ರಂದು ವಿಂಬಲ್ಡನ್ನಿನ ಬಯಲಿನಲ್ಲಿ ಗುರಿ ಹೊಡೆಯುವ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದಳು. ಬಂದೂಕನ್ನು ಕಬ್ಬಿಣದ ಆಸರೆಯ ಮೇಲೆ ಬಿಗಿದು ಗುರಿ ಸರಿಪಡಿಸಿ ಇಟ್ಟಿದ್ದರು. ಕುದುರೆಗೆ ಕಟ್ಟಿದ್ದ ರೇಷ್ಮೆಯ ದಾರವನ್ನು ಆಕೆ ಎಳೆದಳು. ನಾನೂರು ಗಜ ದೂರದ ಗುರಿಯಲ್ಲಿ ಗುಂಡು ನಟ್ಟನಡುವಿನಿಂದ ಎರಡು ಅಂಗುಲದೊಳಗೆ ತಗುಲಿತು. ಬಂದೂಕಿನ ಕುದುರೆಯೆಂದರೆ ಬೆರಳಿನಿಂದ ಒತ್ತುವ ಕೊಂಡಿ. ಬೇರೆ ಕುದುರೆಯೆಂದು ತಿಳಿದೀರಿ!

ವಿಟ್‌ವರ್ತ್ ಮಾಡಿ ತೋರಿಸಿದ್ದನ್ನು ಸೂತ್ರವಾಗಿ ಬರೆದವನು ವುಲಿಚ್‌ನ ತೋಪಿನ ದಳದ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಜಾರ್ಜ್ ಗ್ರೀನ್‌ಹಿಲ್. 1879ರ ಆ ಸೂತ್ರ ಎಷ್ಟು ಸರಳವೆಂದರೆ ಅದನ್ನು ಹಾಲಿನ ಲೆಕ್ಕದ ಪುಸ್ತಕದ ಮೂಲೆಯಲ್ಲಿ ಮಾಡಿ ಮುಗಿಸಬಹುದು. ಗುಂಡಿನ ಉದ್ದ ಅದರ ದಪ್ಪದ ಎಷ್ಟು ಪಟ್ಟು ಎಂದು ನೋಡಿ. ಆ ಅಂಕಿಯಿಂದ 150ನ್ನು ಭಾಗಿಸಿ. ಬಂದದ್ದನ್ನು ದಪ್ಪದಿಂದ ಗುಣಿಸಿ. ಅಷ್ಟು ದೂರಕ್ಕೆ ಒಂದು ಸುತ್ತು ಬೇಕು.

ನಾನು ಕಾರ್ಬೆಟ್ಟನ ಬಂದೂಕಿನ ಜಾತಿಯ ಗುಂಡಿಗೇ ಈ ಲೆಕ್ಕ ಹಾಕಿ ನೋಡಿದೆ. ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಪೌಲ್ ಮೌಸರ್ 1892ರ ಸುಮಾರಿಗೆ ರೂಪಿಸಿದ ಏಳು ಮಿಲಿಮೀಟರಿನ ತೋಟಾ ಅದು. ಗೀರುಗಳ ಉಬ್ಬಿನಿಂದ ಉಬ್ಬಿಗೆ ನಳಿಗೆಯ ಅಗಲ ಏಳು ಮಿಲಿಮೀಟರು. ಇಂಗ್ಲಿಷರ ಅಳತೆಯಲ್ಲಿ ಅಂಗುಲದ ಸಾವಿರ ಭಾಗದಲ್ಲಿ 275. ನಮ್ಮ ಮನೆಯವರು ಹೇಳಿದ ‘ನಂಬರು’ ಇದೇ ನೋಡಿ! ಗೀರಿನ ಆಳವೂ ಸೇರಿ ಗುಂಡಿನ ದಪ್ಪ 7.2 ಮಿಲಿಮೀಟರು. ಮೊದಮೊದಲು ಅದಕ್ಕೆ ಬಳಸಿದ 11.2 ಗ್ರಾಂ ತೂಕದ ಮೊಂಡುಮೂಗಿನ ಗುಂಡು ಸುಮಾರು ಮೂರು ಸೆಂಟಿಮೀಟರು ಉದ್ದ, ಎಂದರೆ ದಪ್ಪದ ನಾಲ್ಕೂಕಾಲು ಪಟ್ಟು. 150ನ್ನು ನಾಲ್ಕೂಕಾಲರಿಂದ ಭಾಗಿಸಿದರೆ ಸುಮಾರು 35. ಅದನ್ನು 7.2ರಿಂದ ಗುಣಿಸಿದರೆ 250 ಮಿಲಿಮೀಟರು. ಮೌಸರ್ ತನ್ನ ನಳಿಗೆಗೆ ಕೊಟ್ಟ ತಿರುಪು 220 ಮಿಲಿಮೀಟರಿಗೆ ಒಂದು. ಬೇಕಾದುದಕ್ಕಿಂತ ತುಸು ಬಿಗಿ. ನಾವು ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವ ಹಾಗೆ.

ಈ ಹೆಚ್ಚಿನ ಹಿಡಿಯಿಂದ ಒಂದು ಅನುಕೂಲವುಂಟು. ಉದ್ದ ಗುಂಡಿಗೆಂದು ಬಿಗಿಯಾಗಿ ತಿರುಚಿದ ನಳಿಗೆಯಲ್ಲಿ ಗಿಡ್ಡ ಗುಂಡೂ ಸಾಮಾನ್ಯವಾಗಿ ಚೆನ್ನಾಗಿಯೇ ಹೋಗುತ್ತದೆ. ಗಿಡ್ಡ ಗುಂಡಿಗೆಂದು ಸಡಿಲವಾಗಿ ತಿರುಚಿದ ನಳಿಗೆಯಲ್ಲಿ ಉದ್ದ ಗುಂಡು ಹೋಗುವುದಿಲ್ಲ. ಹೊರಬಿದ್ದೊಡನೆ ಓಲಾಡಿ ಅಡ್ಡಡ್ಡ ಹಾರುತ್ತದೆ. ಗುರಿಯ ಕಾಗದದಲ್ಲಿ ಉರುಟು ತೂತಿನ ಬದಲು ಬೀಗದ ಕೈಯ ಕಂಡಿಯಂಥ ಉದ್ದ ತೂತು ಮೂಡುತ್ತದೆ. ಕಾಗದಕ್ಕಾದರೆ ಅದರಿಂದ ನಷ್ಟವೇನಿಲ್ಲ. ಗುರಿಯಲ್ಲಿ ಜೀವವಿದ್ದರೆ ಎದೆಗೆ ಬೀಳಬೇಕಾದದ್ದು ದವಡೆಗೋ ಕಾಲಿಗೋ ಬೀಳುತ್ತದೆ.

ತಿರುಗುವ ವೇಗವನ್ನೂ ಕೇಳಿ. ಈ ಗುಂಡು ಸೆಕೆಂಡಿಗೆ ಸುಮಾರು 700 ಮೀಟರು ಓಡುತ್ತದೆ. ಪ್ರತಿ 22 ಸೆಂಟಿಮೀಟರಿಗೆ ಒಂದು ಸುತ್ತು ಎಂದರೆ ಸೆಕೆಂಡಿಗೆ ಮೂರು ಸಾವಿರಕ್ಕೂ ಮೀರಿದ ಸುತ್ತು. ನಮ್ಮ ಮನೆಯ ಮಿಕ್ಸಿ ಕಿವಿ ಕಿವುಡಾಗುವಂತೆ ಕಿರುಚಿದರೂ ಸೆಕೆಂಡಿಗೆ ಮುನ್ನೂರು ಸುತ್ತಿನ ಆಸುಪಾಸು. ಅದರ ಹತ್ತು ಪಟ್ಟು!

ಮೌಸರನ ಹೆಸರು ನಿಂತಿರುವುದು ಇನ್ನೊಂದು ಕಾರಣಕ್ಕೂ. ಅವನ ಬಂದೂಕಿನ ಹಿಂಭಾಗ ಬಾಗಿಲ ಚಿಲಕದಂತೆ ಕೆಲಸ ಮಾಡುತ್ತದೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ. ಮುಂದಕ್ಕೆ ನೂಕಿ ಕೆಳಗೆ ಒತ್ತಿದರೆ ಹೊಸದು ಒಳಗೆ, ಬಾಗಿಲು ಭದ್ರ. ಬೋಲ್ಟ್ ಎಂಬ ಇಂಗ್ಲಿಷ್ ಮಾತಿಗೆ ಚಿಲಕ ಎಂಬ ಅರ್ಥವೂ ಇದೆ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕದ ರೈತರು ಈ ಚಿಲಕದ ಬಂದೂಕಿನಿಂದಲೇ ಬ್ರಿಟಿಷರನ್ನು ಕಂಗೆಡಿಸಿದರು. ಅದೇ ಯಂತ್ರವನ್ನು ಜೋಡಿಸಿ ಲಂಡನ್ನಿನ ರಿಗ್ಬಿ ಕಂಪೆನಿ ಬೇಟೆಯ ಬಂದೂಕುಗಳನ್ನು ಮಾಡಿ ಮಾರಿತು.

ನಳಿಗೆ ಸರಿಯಾಯಿತು. ಇನ್ನು ಗುಂಡಿನ ಆಯ್ಕೆ. ಸೀಸದ ತಿರುಳಿನ ಮೇಲೆ ಗಟ್ಟಿ ಲೋಹದ ಕವಚ ಪೂರ್ತಿ ಮುಚ್ಚಿದ್ದರೆ ಗುಂಡು ಆಕಾರ ಕೆಡದೆ ಒಳಕ್ಕೆ ಆಳವಾಗಿ ಇಳಿಯುತ್ತದೆ. ತುದಿಯಲ್ಲಿ ಸೀಸ ಹೊರಗೆ ಕಾಣುವಂತೆ ಬಿಟ್ಟಿದ್ದರೆ ತಗುಲಿದೊಡನೆ ಅಣಬೆಯಂತೆ ಅರಳಿ, ಅಲ್ಲೇ ತನ್ನ ಶಕ್ತಿಯನ್ನೆಲ್ಲ ಕಳೆಯುತ್ತದೆ. ಸ್ಕಾಟ್ಲೆಂಡಿನ ಬೆಲ್ ಎಂಬ ಬೇಟೆಗಾರ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಬಹುಪಾಲು ಇದೇ ಏಳು ಮಿಲಿಮೀಟರಿನ ಬಂದೂಕಿನಿಂದ. ಇಂದು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಅವನ ಶ್ರದ್ಧೆಯನ್ನು ಹೇಳಬೇಕು: ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ, ಮಿದುಳು ಎಲ್ಲಿದೆಯೆಂದು ಕಣ್ಣಾರೆ ನೋಡಿಕೊಂಡಿದ್ದ, ಕವಚ ಮುಚ್ಚಿದ ಉದ್ದ ಗುಂಡನ್ನೇ ಆರಿಸಿಕೊಂಡಿದ್ದ. ಆ ತಿಳಿವಳಿಕೆಯಿಲ್ಲದವನ ಕೈಯಲ್ಲಿ ಅದೇ ಗುಂಡು ಆನೆಯನ್ನು ದಿನಗಟ್ಟಲೆ ನರಳಿಸಬಲ್ಲದು. ಹುಲಿ, ಚಿರತೆಗಳಿಗೆ ಅರಳುವ ಗುಂಡೇ ಸರಿ. ಮುಚ್ಚಿದ ಗುಂಡು ಸಣ್ಣ ತೂತು ಮಾಡಿ ಆಚೆಗೆ ಹೊರಟುಹೋದರೆ ಪ್ರಾಣಿ ಗಾಯ ಹೊತ್ತು ಪೊದೆ ಸೇರುತ್ತದೆ.

ಈ ಅರಳುವ ಗುಂಡಿಗೆ ಲೋಕಪ್ರಸಿದ್ಧವಾದ ಹೆಸರು ಬಂದದ್ದು ನಮ್ಮ ದೇಶದಿಂದ. ಕಲ್ಕತ್ತೆಯ ಬಳಿಯ ಡಮ್ ಡಮ್ ಕಾರ್ಖಾನೆಯಲ್ಲಿ 1890ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸೇನೆ ಅಂಥ ಗುಂಡುಗಳನ್ನು ತಯಾರಿಸಿತು. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳು ಯುದ್ಧದಲ್ಲಿ ಅದನ್ನು ಬಳಸಬಾರದೆಂದು ಘೋಷಿಸಿದವು. ಮನುಷ್ಯನ ಮೇಲೆ ಬಳಸಬಾರದ ಗುಂಡನ್ನೇ ಪ್ರಾಣಿಯ ಮೇಲೆ ಬಳಸಬೇಕು ಎನ್ನುವುದು ಮೊದಲು ನನಗೆ ಕ್ರೌರ್ಯವಾಗಿ ಕಂಡಿತು. ಯೋಚಿಸಿದಾಗ ಅದರ ಹಿಂದಿನ ನ್ಯಾಯ ಹೊಳೆಯಿತು. ಯುದ್ಧದಲ್ಲಿ ಗಾಯಾಳುವನ್ನು ಎತ್ತಿಕೊಂಡು ಹೋಗಿ ಔಷಧ ಹಾಕುವವರಿದ್ದಾರೆ. ಕಾಡಿನಲ್ಲಿ ಗಾಯಗೊಂಡ ಹುಲಿಗೆ ಯಾರಿದ್ದಾರೆ?

ಯಾರೂ ಇಲ್ಲದ ಅಂಥ ಒಂದು ಹೆಣ್ಣು ಹುಲಿ ನೇಪಾಳದಲ್ಲಿ 200 ಜನರನ್ನೂ, ಅಲ್ಲಿಂದ ಅಟ್ಟಿದ ಮೇಲೆ ಕುಮಾವೂನಿನಲ್ಲಿ 236 ಜನರನ್ನೂ ಕೊಂದಿತೆಂದು ಕಾರ್ಬೆಟ್ ಬರೆದಿದ್ದಾನೆ. ಚಂಪಾವತದ ಆ ಹುಲಿಯ ಕೊನೆಯ ಬಲಿ, ಊರ ಹತ್ತಿರ ಜೊತೆಯವರೊಂದಿಗೆ ಪುಳ್ಳೆ ಆರಿಸುತ್ತಿದ್ದ ಹದಿನಾರೋ ಹದಿನೇಳೋ ವರ್ಷದ ಹುಡುಗಿ. 1907ರಲ್ಲಿ ಕಾರ್ಬೆಟ್ ಹುಲಿಯನ್ನು ಕೊಂದು ಬಾಯಿ ಬಿಡಿಸಿ ನೋಡಿದ. ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು. ಮೇಲಿನದು ಅರ್ಧ, ಕೆಳಗಿನದು ಬುಡದವರೆಗೆ. ಹಳೆಯ ಗುಂಡೇಟಿನ ಫಲ. ಸಹಜವಾದ ಬೇಟೆ ಹಿಡಿಯಲಾರದೆ ಅದು ಮನುಷ್ಯರ ಕಡೆ ತಿರುಗಿತ್ತು.

ಆ ಕತೆಯಲ್ಲಿ ಇಬ್ಬರು ಅಕ್ಕತಂಗಿಯರ ಪ್ರಸಂಗ ಬರುತ್ತದೆ. ಇಬ್ಬರೂ ಹುಲ್ಲು ಕೊಯ್ಯುತ್ತಿದ್ದಾಗ ಹುಲಿ ಅಕ್ಕನನ್ನು ಕಚ್ಚಿಕೊಂಡು ಹೊರಟಿತು. ತಂಗಿ ಕುಡುಗೋಲು ಹಿಡಿದು ಹುಲಿಯ ಹಿಂದೆಯೇ ಓಡಿದಳು, ಅಕ್ಕನನ್ನು ಬಿಟ್ಟು ತನ್ನನ್ನು ಒಯ್ಯೆಂದು ಕೂಗುತ್ತ. ಹುಲಿ ತಿರುಗಿ ನಿಂತಾಗ ಊರಿನತ್ತ ಓಡಿಬಂದಳು. ಆದರೆ ಹೇಳಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಅಂದಿನಿಂದ ಮೂಗಿಯಾಗಿದ್ದವಳಿಗೆ, ಹುಲಿ ಸತ್ತ ಮೇಲೆ ಕಾರ್ಬೆಟ್ ಅದರ ಚರ್ಮವನ್ನು ಒಯ್ದು ತೋರಿಸಿದಾಗ ಮಾತು ಮರಳಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೂ ಒಬ್ಬ ಅಕ್ಕ ಇದ್ದಾಳೆ.

ಎಲ್ಲ ನರಭಕ್ಷಕಗಳ ಹಿಂದೆಯೂ ಬಂದೂಕೇ ಇತ್ತೆಂದು ನಾನು ಹೇಳುತ್ತಿಲ್ಲ. ಮುಳ್ಳುಹಂದಿಯ ಮುಳ್ಳು ಚುಚ್ಚಿ ಕೀತ ಕಾಲು, ಮುಪ್ಪು ಎಂದು ಬೇರೆ ಕಾರಣಗಳನ್ನೂ ಕಾರ್ಬೆಟ್ ಕೊಡುತ್ತಾನೆ. ರುದ್ರಪ್ರಯಾಗದ ಚಿರತೆ 1918ರಲ್ಲೇ ಮನುಷ್ಯರನ್ನು ಹಿಡಿಯತೊಡಗಿತ್ತು. 1921ರಲ್ಲಿ ಇಬ್ಬರು ಅಧಿಕಾರಿಗಳು ಸೇತುವೆಯ ಮೇಲೆ ಅದಕ್ಕೆ ಗುಂಡು ಹಾರಿಸಿದರು; ತಗುಲಿದ್ದು ಪಾದಕ್ಕೆ. ಅದು ಬದುಕಿ ಇನ್ನೂ ಐದು ವರ್ಷ ಜನರನ್ನು ಕೊಂದಿತು. ಒಟ್ಟು 125 ಮಂದಿ. 1926ರ ಮೇ ತಿಂಗಳಲ್ಲಿ ಕಾರ್ಬೆಟ್ಟನ ಗುಂಡು ಅದನ್ನು ಮುಗಿಸಿತು. ಆ ಬಂದೂಕು, ಚಂಪಾವತದ ಹುಲಿಯನ್ನು ಕೊಂದದ್ದಕ್ಕಾಗಿ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಅವನಿಗೆ ಕೊಟ್ಟಿದ್ದ .275 ರಿಗ್ಬಿ. 1930ರಲ್ಲಿ ಚೌಗಢದ ಹೆಣ್ಣು ಹುಲಿ ಎದುರಾದಾಗಲೂ ಅವನ ಕೈಯಲ್ಲಿದ್ದದ್ದು ಈ ಹಗುರ ಬಂದೂಕೇ. ಆಗ ಎಡಗೈಯಲ್ಲಿ ನತ್ತಿಂಗ ಹಕ್ಕಿಯ ಎರಡು ಮೊಟ್ಟೆಗಳಿದ್ದವು. ಬಲಗೈಯೊಂದರಿಂದಲೇ ಬಂದೂಕನ್ನು ಮೆಲ್ಲಮೆಲ್ಲನೆ ತಿರುಗಿಸಿ ಹಾರಿಸಿದ. ಮೊಟ್ಟೆ ಒಡೆಯಲಿಲ್ಲ, ಆಮೇಲೆ ಅವನ್ನು ಗೂಡಿನ ಜಾಗದಲ್ಲೇ ಇಟ್ಟು ಬಂದ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ 1991ರ ತಿದ್ದುಪಡಿಯೂ ಬಂದ ಮೇಲೆ ಮೋಜಿನ ಬೇಟೆಗೆ ಎಡೆಯಿಲ್ಲ. ಕೊಡಗಿನವರಿಗೆ 1861ರಿಂದ ನಡೆದುಬಂದ ಬಂದೂಕಿನ ರಿಯಾಯಿತಿಯನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು. ಅಲ್ಲಿ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ; ಹೆಂಗಸರೂ ಹೊಡೆಯುತ್ತಾರೆ. ತೆಂಗಿನಕಾಯಿ ಗಾಯಗೊಂಡು ಕಾಡು ಸೇರುವುದಿಲ್ಲ ಎಂಬುದು ದೊಡ್ಡ ಸಮಾಧಾನ.

ಬೇಟೆ ಉಳಿದಿರುವ ದೇಶಗಳಲ್ಲಿ ಗ್ರೀನ್‌ಹಿಲ್ಲನ ಲೆಕ್ಕ ಬೇರೆ ರೂಪದಲ್ಲಿ ಮರಳಿ ಬಂದಿದೆ. ಸತ್ತ ಪ್ರಾಣಿಯ ಮೈಯಲ್ಲುಳಿದ ಸೀಸದ ಚೂರು ತಿಂದು ಹದ್ದುಗಳು ವಿಷವೇರಿ ಸಾಯುತ್ತವೆಂದು, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದರು. ಬದಲಿಗೆ ತಾಮ್ರದ ಗುಂಡು ಬಂತು. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬೇಕೆಂದರೆ ಗುಂಡು ಉದ್ದವಾಗಲೇಬೇಕು; ಉದ್ದವಾದರೆ ಬಿಗಿ ತಿರುಪು ಬೇಕು. ಹಳೆಯ ಸಡಿಲ ನಳಿಗೆಗೆ ಹೊಸ ಗುಂಡು ತುಂಬುವವನು ಮೊದಲು ಅಳೆದು ನೋಡಬೇಕಾಗುತ್ತದೆ. ಅಳೆಯದೆ ಹಾರಿಸಿದರೆ ತೊಂದರೆ ಅವನಿಗಲ್ಲ, ಎದುರಿನ ಜಿಂಕೆಗೆ.

ಕಾರ್ಬೆಟ್ಟನ ಬಂದೂಕು ಇಂದಿಗೂ ಇದೆ. ರಿಗ್ಬಿ ಕಂಪೆನಿಯವರು ಅದನ್ನು ಮರಳಿ ಕೊಂಡು, 2016ರಲ್ಲಿ ಒಮ್ಮೆ ಭಾರತಕ್ಕೂ ತಂದು ತೋರಿಸಿದರು. ಅದರ ಮರದ ಹಿಡಿಯಲ್ಲಿ ಬೆಳ್ಳಿಯ ಫಲಕವಿದೆ. ಕೊಟ್ಟವನ ಹೆಸರು, ಪಡೆದವನ ಹೆಸರು, ಕೊಂದ ಹುಲಿಯ ಊರು, ವರ್ಷ ಎಲ್ಲವನ್ನೂ ಅದರಲ್ಲಿ ಕೆತ್ತಿದ್ದಾರೆ. ಆ ಹುಲಿಯ ಹಲ್ಲು ಮುರಿದ ಬಂದೂಕೂ ಒಂದಿತ್ತಲ್ಲ, ಅದು ಯಾರದೆಂದು ಯಾವ ಫಲಕದಲ್ಲೂ ಬರೆದಿಲ್ಲ.